ತೇರ್ಗಡೆ ಮಾಡಿಸುವುದು ವಿದ್ಯಾದಾನವೇ?

ವಿದ್ಯೆಯನ್ನು ಕಲಿಸುವುದು ಬೇರೆ, ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ ಮಾಡುವುದು ಬೇರೆ ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಮೊದಲನೆಯದನ್ನು ಮಾಡುವವನನ್ನು ಗುರುವೆಂದು ಗೌರವಿಸುತ್ತೇವೆ. ಎರಡನೆಯದನ್ನು ಮಾಡುವವನಿಗೆ ಹಣವನ್ನು ಕೊಡುತ್ತೇವೆ, ಗೌರವವನ್ನು ಕೊಡುವುದಕ್ಕೆ ಮಾತ್ರ ಹಿಂದೆಗೆಯುತ್ತೇವೆ. ಆದರೂ ಮನೆಯಲ್ಲಿ ಓದುವ ಮಕ್ಕಳಿರುವ ಗೃಹಸ್ಥರೆಲ್ಲರೂ ಪರೀಕ್ಷೆಯ ಕಾಲ ಸಮೀಪಿಸಿದೊಡನೆ ಆ ಎರಡನೆಯವನ ಮನೆಯನ್ನೇ ಹುಡುಕಿಕೊಂಡು ಹೋಗುವುದುಂಟು. ಹೀಗಿರಲಾಗಿ, ಈ ಭೇದವು ಎಷ್ಟರಮಟ್ಟಿಗೆ ನ್ಯಾಯವಾದುದು, ಹಿಂದುಳಿದವನನ್ನು ಕೈಹಿಡಿದು ದಾಟಿಸುವ ಅಧ್ಯಾಪಕನು ಧರ್ಮವನ್ನು ಆಚರಿಸುತ್ತಿರುವನೋ ವ್ಯಾಪಾರವನ್ನು ನಡೆಸುತ್ತಿರುವನೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ. ಇದನ್ನು ವಿಮರ್ಶಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಲಾ ಕಾಲೇಜುಗಳಲ್ಲಿ ಕೆಲವು ದಶಕಗಳಿಂದ ಬೆಳೆದುಬಂದಿರುವ ಒಂದು ಅಧ್ಯಾಪಕ ವರ್ಗವು ಉತ್ತಮವಾದ ನಿದರ್ಶನವನ್ನು ಒದಗಿಸುತ್ತದೆ. ವ್ಯಾಸಂಗದಲ್ಲಿ ಹಿಂದೆ ಬಿದ್ದವರಿಗೆ ನೆರವಾಗುವುದೂ, ಪದವಿಯನ್ನು ಪಡೆಯಲಿರುವವರನ್ನು ವಕೀಲಿ ಸನದಿನ ಪರೀಕ್ಷೆಗೆ ಸಿದ್ಧಪಡಿಸುವುದೂ ಈ ವರ್ಗದವರ ಕೆಲಸ.

ಆ ದೇಶದಲ್ಲಿ ವಕೀಲನಾಗಬೇಕೆನ್ನುವವನು ಸಾಮಾನ್ಯವಾಗಿ ಒಂದು ಪದವಿಯನ್ನು ಪಡೆದ ಮೇಲೆ ಮೂರು ವರ್ಷಗಳ ಕಾಲ ಲಾ ಕಾಲೇಜಿನಲ್ಲಿ ಓದಬೇಕು. ಅಷ್ಟಕ್ಕೇ ಸನದು ಕೈಗೆ ಬರುವುದಿಲ್ಲ. ಯಾವ ಸಂಸ್ಥಾನದಲ್ಲಿ ವೃತ್ತಿಯನ್ನು ನಡೆಸಬೇಕೆಂದಿರುವನೋ ಆ ಸಂಸ್ಥಾನದ ಬಾರ್ ಪರೀಕ್ಷೆಯಲ್ಲಿ ಅವನು ಉತ್ತೀರ್ಣನಾಗಬೇಕು. ನಡತೆಯ ವಿಚಾರಣೆಯೂ ಪ್ರತ್ಯೇಕವಾಗಿ ನಡೆಯುತ್ತದೆ. ವಿಸ್ಕಾನ್ಸಿನ್ ಸಂಸ್ಥಾನದವರು ತಮ್ಮಲ್ಲಿರುವ ಎರಡು ಲಾ ಕಾಲೇಜುಗಳ ಪದವೀಧರರನ್ನು ಪರೀಕ್ಷೆಯಿಲ್ಲದೆಯೇ ವಕೀಲರ ಪಟ್ಟಿಗೆ ಸೇರಿಸಿಕೊಳ್ಳುವುದು ಇದಕ್ಕೆ ಪ್ರಸಿದ್ಧವಾದ ಅಪವಾದ. ಪರೀಕ್ಷೆಯು ವರ್ಷಕ್ಕೆ ಎರಡಾವರ್ತಿ, ಫೆಬ್ರವರಿ ಮತ್ತು ಜುಲೈ ತಿಂಗಳುಗಳ ಕೊನೆಯಲ್ಲಿ ನಡೆಯುವುದು ವಾಡಿಕೆ. ೧೯೭೨ನೆಯ ಇಸವಿಯಿಂದ ಅದರಲ್ಲಿ ೨೦೦ ಪ್ರಶ್ನೆಗಳ ಒಂದು ಭಾಗವು ಸೇರಿತು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ, ಸರಿಯಾದುದನ್ನು ಆರಿಸಬೇಕು, ಇದಕ್ಕೆ ಇರುವ ಕಾಲ ಒಂದೇ ದಿನದಲ್ಲಿ ಆರು ಗಂಟೆ. ೨೦೧೧ರಿಂದ ಏಕರೂಪದ ಪರೀಕ್ಷೆಯೊಂದು ಜಾರಿಗೆ ಬಂದು, ಕ್ರಮೇಣ ಬಹುಪಾಲು ಸಂಸ್ಥಾನಗಳು ಅದನ್ನು ಅಂಗೀಕರಿಸಿದವು. ಅದರಲ್ಲಿ ಮೇಲೆ ಹೇಳಿದ ಆಯ್ಕೆಯ ಪ್ರಶ್ನೆಗಳಿಗೆ ನೂರಕ್ಕೆ ೫೦, ಪ್ರಬಂಧರೂಪದ ಉತ್ತರಗಳಿಗೆ ೩೦, ಕಾಗದಪತ್ರಗಳನ್ನು ಮುಂದಿಟ್ಟು ವಕೀಲನು ಮಾಡತಕ್ಕ ಕೆಲಸವನ್ನೇ ಮಾಡಿಸುವ ಭಾಗಕ್ಕೆ ೨೦ ಎಂದು ಅಂಕಗಳ ಹಂಚಿಕೆಯಾಯಿತು.

ಈ ಪರೀಕ್ಷೆಯ ಕಷ್ಟಕ್ಕೆ ಕಾಲೇಜಿನ ಪಾಠಕ್ರಮವೂ ಒಂದು ಕಾರಣ. ೧೮೭೦ರಲ್ಲಿ ಹಾರ್ವರ್ಡ್ ಲಾ ಕಾಲೇಜಿನ ಮುಖ್ಯಸ್ಥನಾದ ಲ್ಯಾಂಗ್‌ಡೆಲ್ ಎಂಬಾತನು ನ್ಯಾಯಾಲಯದ ತೀರ್ಪುಗಳನ್ನೇ ಪಠ್ಯವನ್ನಾಗಿ ಮಾಡಿ, ಪ್ರಶ್ನೋತ್ತರಗಳ ಮೂಲಕ ನಿಯಮವನ್ನು ಹೊರಡಿಸುವ ಪದ್ಧತಿಯನ್ನು ಆರಂಭಿಸಿದನು. ಅದು ಆ ದೇಶದ ಲಾ ಕಾಲೇಜುಗಳಿಗೆಲ್ಲ ಮಾದರಿಯಾಯಿತು. ಈ ಪದ್ಧತಿಯಲ್ಲಿ ಉಪಾಧ್ಯಾಯನು ಕೇಳುವುದೇ ಹೆಚ್ಚು, ಹೇಳುವುದು ಕಡಿಮೆ. ಅನೇಕ ವಿಷಯಗಳಲ್ಲಿ ಅವಧಿಯ ಕೊನೆಗೆ ಒಂದೇ ಪರೀಕ್ಷೆ. ಅದರಲ್ಲಿ ಹಿಂದೆ ಕೇಳಿರದ ಒಂದು ವ್ಯಾಜ್ಯದ ಕಥೆಯನ್ನು ಕೊಟ್ಟು ವಿಮರ್ಶಿಸೆನ್ನುತ್ತಾರೆ. ಹೇಗೆ ವಿಮರ್ಶಿಸಬೇಕೆಂಬುದನ್ನು ಬಿಡಿಸಿ ಹೇಳುವ ರೂಢಿ ಕಡಿಮೆ. ತಂದೆಯೋ ಚಿಕ್ಕಪ್ಪನೋ ವಕೀಲನಾಗಿದ್ದವನು ಊಟದ ಹೊತ್ತಿನ ಮಾತಿನಲ್ಲಿಯೇ ಆ ವರಸೆಯನ್ನು ಕಲಿತಿರುತ್ತಾನೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದವನಾದರೋ, ತೀರ್ಪುಗಳನ್ನು ಹಗಲಿರುಳು ಓದಿ, ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಏಕೆ ಸೋತೆನೆಂಬುದೇ ತಿಳಿಯದೆ ಕುಳಿತಿರುತ್ತಾನೆ. ೧೯೬೮ರಲ್ಲಿ, ಬಡತನದಿಂದಲೂ ವರ್ಣಭೇದದಿಂದಲೂ ಹಿಂದುಳಿದವರನ್ನು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ತರುವ ಉದ್ದೇಶದಿಂದ ಒಂದು ಮಂಡಲಿಯು ಸ್ಥಾಪಿತವಾಗಿ, ಬೇಸಗೆಯ ರಜೆಯಲ್ಲಿ ಅಂಥವರಿಗೆ ಪೂರ್ವಭಾವಿಯಾದ ಪಾಠಗಳನ್ನು ಏರ್ಪಡಿಸಿತು. ಕಾಲೇಜುಗಳ ಒಳಗೆ ನೆರವಿನ ಅಧ್ಯಾಪಕರು ಕಾಣಿಸಿಕೊಂಡುದು ಇಂತಹ ಪ್ರಯತ್ನಗಳ ಮುಂದುವರಿಕೆಯಾಗಿಯೇ.

ಈ ಅಧ್ಯಾಪಕನು ಕಲಿಸುವುದೇನು? ತೀರ್ಪನ್ನು ಓದಿ ಸಾರವನ್ನು ತೆಗೆಯುವ ಬಗೆ, ಚದರಿದ ನಿಯಮಗಳನ್ನು ಒಂದು ಕಟ್ಟಿನಲ್ಲಿ ಹೊಂದಿಸುವ ಬಗೆ, ಉತ್ತರವನ್ನು ಕ್ರಮವಾಗಿ ಬರೆಯುವ ಬಗೆ. ಉತ್ತರಕ್ಕೆ ಅವರು ನಾಲ್ಕು ಅಂಗಗಳನ್ನು ಹೇಳುತ್ತಾರೆ: ವಿವಾದವು ಯಾವುದು, ಅದಕ್ಕೆ ಅನ್ವಯಿಸುವ ನಿಯಮ ಯಾವುದು, ನಿಯಮವು ಈ ಸಂಗತಿಗೆ ಹೊಂದುವುದು ಹೇಗೆ, ಆದುದರಿಂದ ನಿರ್ಣಯವೇನು. ಪೂರ್ವಮೀಮಾಂಸೆಯನ್ನು ಓದಿದವರಿಗೆ ಇದು ಅಪರಿಚಿತವಾಗಿ ತೋರದು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳುಳ್ಳ ಅಧಿಕರಣವೂ ವಾಕ್ಯಾರ್ಥದ ವ್ಯಾಜ್ಯವನ್ನು ತೀರಿಸುವ ಕ್ರಮವೇ ಅಲ್ಲವೆ? ಪಾಠಶಾಲೆಯಲ್ಲಿ ಆ ಕ್ರಮವನ್ನು ಮೊದಲೇ ಹೇಳಿಕೊಟ್ಟು ಅನಂತರ ಗ್ರಂಥವನ್ನು ಬಿಚ್ಚುತ್ತಿದ್ದರು. ಕ್ರಮವನ್ನು ಹೇಳದೆ ಗ್ರಂಥವನ್ನು ಮಾತ್ರ ಕೊಟ್ಟಿದ್ದರೆ ಬುದ್ಧಿವಂತರೂ ತಡವರಿಸುತ್ತಿದ್ದರು.

ಈಗ ಪೂರ್ವಪಕ್ಷವನ್ನು ಕೇಳೋಣ. ಆಕ್ಷೇಪಣೆಗಳು ಮುಖ್ಯವಾಗಿ ಮೂರು. ಒಂದನೆಯದು, ಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡು ಕಲಿಸಿದರೆ ವಿದ್ಯೆಯು ಕೆಡುತ್ತದೆ, ನ್ಯಾಯವೆಂದರೇನೆಂದು ಚಿಂತಿಸತಕ್ಕವನು ನಾಲ್ಕು ಉತ್ತರಗಳಲ್ಲಿ ಯಾವುದಕ್ಕೆ ಗುರುತು ಹಾಕಲೆಂದು ಚಿಂತಿಸುವವನಾಗುತ್ತಾನೆ ಎಂಬುದು. ಎರಡನೆಯದು, ಅಸಮರ್ಥನನ್ನು ಊರುಗೋಲು ಕೊಟ್ಟು ದಾಟಿಸಿದರೆ ಮುಂದೆ ಅವನನ್ನು ನಂಬಿ ಬರುವ ಕಕ್ಷಿಗಾರನಿಗೆ ಅನ್ಯಾಯವಾಗುತ್ತದೆ ಎಂಬುದು. ಮೂರನೆಯದು, ಇದೆಲ್ಲವೂ ಕಾಲೇಜು ತನ್ನ ಹೆಸರನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಡುವ ಏರ್ಪಾಡೇ ಹೊರತು ವಿದ್ಯಾರ್ಥಿಯ ಮೇಲಿನ ಕರುಣೆಯಲ್ಲ ಎಂಬುದು. ಇವುಗಳಲ್ಲಿ ಯಾವುದೂ ಹಗುರವಾದುದಲ್ಲ.

ಮೊದಲನೆಯದಕ್ಕೆ ಸಮಾಧಾನವನ್ನು ಹೇಳುವ ಮುನ್ನ ಪರೀಕ್ಷೆಯ ಎರಡು ಉಪಯೋಗಗಳನ್ನು ಬೇರ್ಪಡಿಸಬೇಕು. ಕಲಿತುದನ್ನು ಅಳೆಯುವುದು ಒಂದು. ಕಲಿಯುವಂತೆ ಮಾಡುವುದು ಇನ್ನೊಂದು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳ ಫಲವು ಇಲ್ಲಿ ಗಮನಾರ್ಹವಾದುದು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಪುಸ್ತಕವನ್ನು ಮುಚ್ಚಿ ನೆನಪಿನಿಂದ ಒಪ್ಪಿಸಿದವರು ಒಂದು ವಾರದ ತರುವಾಯ ಹೆಚ್ಚನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಗ್ರಂಥದಲ್ಲಿ ಕಡ್ಡಿಯನ್ನು ತೂರಿಸಿ, ತೆರೆದುಕೊಂಡ ಪತ್ರಕ್ಕೆ ಅರ್ಥ ಹೇಳಿಸುತ್ತಿದ್ದ ನಮ್ಮ ಶಲಾಕಾಪರೀಕ್ಷೆಯೂ, ಪ್ರತಿದಿನದ ಪಾಠ ಒಪ್ಪಿಸುವಿಕೆಯೂ ಇದನ್ನು ಅರಿತೇ ಹುಟ್ಟಿದಂತಿವೆ. ಆದಕಾರಣ ಅಭ್ಯಾಸಪ್ರಶ್ನೆಗಳನ್ನು ಬಿಡಿಸುವುದರಿಂದ ವಿದ್ಯೆಯು ಕೆಡುವುದೆಂದು ಸಾರಾಸಗಟಾಗಿ ಹೇಳಲಾಗದು. ತಪ್ಪಿದ ಉತ್ತರದ ಮುಂದೆ ಕುಳಿತು, ಏಕೆ ತಪ್ಪಿದೆನೆಂದು ಶಿಷ್ಯನೇ ವಿವರಿಸುವಂತೆ ಮಾಡಿದರೆ ಅದು ಉತ್ತಮವಾದ ಪಾಠ. ಸರಿಯುತ್ತರವನ್ನು ಹೇಳಿ ಮುಂದಿನ ಪ್ರಶ್ನೆಗೆ ಹಾರಿದರೆ ಅದು ವ್ಯರ್ಥವಾದ ಕಸರತ್ತು. ದೋಷವಿರುವುದು ಪರೀಕ್ಷೆಗೆ ಸಿದ್ಧಪಡಿಸುವುದರಲ್ಲಲ್ಲ, ಸಿದ್ಧಪಡಿಸುವ ರೀತಿಯಲ್ಲಿ.

ಆದರೂ ಆಕ್ಷೇಪಕರ ಮಾತಿನಲ್ಲಿ ಒಂದು ಭಾಗವನ್ನು ಒಪ್ಪಲೇಬೇಕು. ಪರೀಕ್ಷೆಯೇ ಅಪೂರ್ಣವಾದುದಾದರೆ ಅದಕ್ಕೆ ಎಷ್ಟು ಚೆನ್ನಾಗಿ ಸಿದ್ಧಪಡಿಸಿದರೂ ಫಲವು ಅಪೂರ್ಣವೇ. ಕಕ್ಷಿಗಾರನ ಅಳಲನ್ನು ತಾಳ್ಮೆಯಿಂದ ಕೇಳುವುದು, ರಾಜಿಗೆ ಒಪ್ಪಿಸುವುದು, ಗೆಲ್ಲಲಾಗದ ವ್ಯಾಜ್ಯವನ್ನು ಹೂಡಬೇಡವೆಂದು ಹೇಳುವುದು, ಇವು ಯಾವುವೂ ೨೦೦ ಪ್ರಶ್ನೆಗಳಲ್ಲಿ ಕಾಣಿಸಿಕೊಳ್ಳಲಾರವು. ಆ ದೇಶದವರೂ ಇದನ್ನು ಅರಿತುಕೊಂಡಿದ್ದಾರೆ. ೨೦೨೩ರಲ್ಲಿ ಓರೆಗಾನ್ ಸಂಸ್ಥಾನವು, ಹಿರಿಯ ವಕೀಲನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ಆ ಕೆಲಸದ ಮಾದರಿಗಳನ್ನು ಪರೀಕ್ಷಕರ ಮುಂದಿಟ್ಟು ಸನದನ್ನು ಪಡೆಯುವ ಮಾರ್ಗವೊಂದಕ್ಕೆ ಅನುಮತಿಯನ್ನು ಕೊಟ್ಟಿತು. ೨೦೨೬ರ ಜುಲೈ ತಿಂಗಳಿನಿಂದ ಕೆಲವು ಸಂಸ್ಥಾನಗಳಲ್ಲಿ ಆರಂಭವೆಂದು ಗೊತ್ತುಮಾಡಿದ ಹೊಸ ಬಾರ್ ಪರೀಕ್ಷೆಯನ್ನೂ, ನೆನಪಿಗೆ ಕಡಿಮೆ ಪ್ರಾಶಸ್ತ್ಯವನ್ನಿತ್ತು ಕೌಶಲಕ್ಕೆ ಹೆಚ್ಚು ಪ್ರಾಶಸ್ತ್ಯವನ್ನೀಯುವ ಉದ್ದೇಶದಿಂದಲೇ ರಚಿಸಿದ್ದಾರೆ.

ಎರಡನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು. ಅದಕ್ಕೆ ಉತ್ತರವನ್ನು ಹೇಳುವಾಗ ಅಸಮರ್ಥನೆಂದರೆ ಯಾರು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ, ಗುರುವು ಚತುರನಿಗೂ ಮಂದನಿಗೂ ಸಮನಾಗಿಯೇ ಕಲಿಸುವನು, ಫಲದ ಭೇದವು ಮಣಿಗೂ ಮಣ್ಣಿನ ಹೆಂಟೆಗೂ ಇರುವ ಭೇದದಂತೆ ಎಂಬ ಅಭಿಪ್ರಾಯವು ಬರುತ್ತದೆ. ಉಪಾಧ್ಯಾಯರು ತಮ್ಮ ಹೊಣೆಯನ್ನು ಕಳೆದುಕೊಳ್ಳುವುದಕ್ಕೆ ಇದನ್ನು ಆಗಾಗ್ಗೆ ಮುಂದೊಡ್ಡುವುದುಂಟು. ಆದರೆ ಆ ಮಾತನ್ನು ಆಡುವವರು ಯಾರೆಂಬುದನ್ನು ಮರೆಯಬಾರದು. ಆಡುವವಳು ಆತ್ರೇಯಿ, ವಾಲ್ಮೀಕಿಯ ಆಶ್ರಮದಲ್ಲಿ ಕುಶಲವರೊಡನೆ ಸಮನಾಗಿ ಓದಲಾರದೆ ಹಿಂದುಳಿದ ವಿದ್ಯಾರ್ಥಿನಿ. ಹಿಂದುಳಿದವಳು ದೋಷವನ್ನು ತನ್ನ ಮೇಲೆಯೇ ಹೊತ್ತುಕೊಂಡಿದ್ದಾಳೆ. ಹಾಗಿದ್ದೂ ಅವಳು ಓದನ್ನು ಬಿಡಲಿಲ್ಲ. ವೇದಾಂತವನ್ನು ಕಲಿಯಬೇಕೆಂದು ದಂಡಕಾರಣ್ಯವನ್ನು ಹಾದು ಅಗಸ್ತ್ಯಾದಿಗಳಿರುವ ಕಡೆಗೆ ಕಾಲುನಡಗೆಯಲ್ಲಿ ಹೊರಟಿದ್ದಾಳೆ. ಮಣ್ಣಿನ ಹೆಂಟೆಯು ಗುರುವನ್ನು ಹುಡುಕಿಕೊಂಡು ಕಾಡನ್ನು ದಾಟಿ ಹೋಗುವುದುಂಟೆ? ಅವಳಿಗೆ ಬೇಕಾಗಿದ್ದುದು ಬೇರೆ ಬುದ್ಧಿಯಲ್ಲ, ಬೇರೆ ಪಾಠ.

ಪಂಚತಂತ್ರದ ಆರಂಭವನ್ನೂ ಇದರೊಡನೆ ಸ್ಮರಿಸಬಹುದು. ಅಮರಶಕ್ತಿಯೆಂಬ ರಾಜನ ಮೂವರು ಮಕ್ಕಳು ಯಾವ ಶಾಸ್ತ್ರಕ್ಕೂ ಬಗ್ಗದವರೆನಿಸಿಕೊಂಡಿದ್ದರು. ವ್ಯಾಕರಣಕ್ಕೇ ಹನ್ನೆರಡು ವರ್ಷ ಹಿಡಿಯುವುದೆಂದು ಮಂತ್ರಿಗಳು ಲೆಕ್ಕ ಹಾಕುತ್ತಿರುವಾಗ, ವಿಷ್ಣುಶರ್ಮನು ಆರು ತಿಂಗಳಲ್ಲಿ ಅವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದು ಪಣತೊಟ್ಟನು. ಅವನು ನೀತಿಶಾಸ್ತ್ರದ ಮಟ್ಟವನ್ನು ಇಳಿಸಲಿಲ್ಲ; ಅದನ್ನು ಹೇಳುವ ದಾರಿಯನ್ನು ಬದಲಾಯಿಸಿದನು. ಲಾ ಕಾಲೇಜಿನ ನೆರವಿನ ಅಧ್ಯಾಪಕನ ಸ್ಥಾನವೂ ಇದೇ. ಪ್ರಶ್ನೆಪತ್ರಿಕೆಯನ್ನು ಬರೆಯುವವನೂ ಉತ್ತರವನ್ನು ತಿದ್ದುವವನೂ ಅವನಲ್ಲ. ಅಳತೆಯ ಕೋಲು ಬೇರೆಯವರ ಕೈಯಲ್ಲಿದೆ. ಅವನು ಶಿಷ್ಯನನ್ನು ಎತ್ತರಕ್ಕೆ ಬೆಳೆಸಬಲ್ಲನಲ್ಲದೆ ಕೋಲನ್ನು ಗಿಡ್ಡ ಮಾಡಲಾರನು. ಬೆಳೆದು ನಿಂತವನು ಮೊದಲಿನಿಂದಲೂ ಎತ್ತರವಾಗಿರಲಿಲ್ಲವೆಂಬುದರಿಂದ ಕಕ್ಷಿಗಾರನಿಗೆ ಬರುವ ನಷ್ಟವೇನು?

ಆ ಕೋಲಿನ ವಿಚಾರವನ್ನೂ ಸ್ವಲ್ಪ ನೋಡಬೇಕು. ಏಕರೂಪದ ಪರೀಕ್ಷೆಯು ೪೦೦ ಅಂಕಗಳ ಮಾನದ್ದು. ಇದರಲ್ಲಿ ತೇರ್ಗಡೆಗೆ ನ್ಯೂಯಾರ್ಕ್ ಸಂಸ್ಥಾನವು ೨೬೬ ಅಂಕಗಳನ್ನೂ, ಮಿಸೌರಿ ಸಂಸ್ಥಾನವು ೨೬೦ ಅಂಕಗಳನ್ನೂ ಗೊತ್ತುಮಾಡಿದವು. ಪ್ರಶ್ನೆಗಳು ಅವೇ, ಉತ್ತರಗಳು ಅವೇ; ೨೬೩ ಅಂಕಗಳನ್ನು ಪಡೆದವನು ಒಂದು ಕಡೆ ಕಕ್ಷಿಗಾರನನ್ನು ರಕ್ಷಿಸಬಲ್ಲ ಸಮರ್ಥ, ಇನ್ನೊಂದು ಕಡೆ ಅಸಮರ್ಥ! ಮೇಲಾಗಿ, ಹಣದ ಬಲವೂ ಈ ಅಳತೆಯೊಳಗೆ ಸೇರಿಕೊಂಡಿದೆ. ಪದವಿಯನ್ನು ಪಡೆದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇರೆ ಉದ್ಯೋಗವಿಲ್ಲದೆ ಓದುತ್ತ ಕುಳಿತುಕೊಳ್ಳುವ ಅನುಕೂಲವಿದ್ದು, ಖಾಸಗಿ ತರಬೇತಿಗೆ ಸಾವಿರಾರು ಡಾಲರುಗಳನ್ನು ತೆರಬಲ್ಲವನ ಸ್ಥಿತಿಯೇ ಬೇರೆ. ಸಾಲವನ್ನು ಹೊತ್ತು, ಸಂಸಾರಕ್ಕಾಗಿ ಹಗಲೆಲ್ಲ ದುಡಿದು ರಾತ್ರಿ ಪುಸ್ತಕವನ್ನು ತೆರೆಯುವವನ ಸ್ಥಿತಿಯೇ ಬೇರೆ. ಇನ್ನು ಒಮ್ಮೆ ಸೋತವರೆಲ್ಲ ಅಯೋಗ್ಯರೆಂಬ ಮಾತೂ ನಿಲ್ಲುವುದಿಲ್ಲ. ಪ್ರಿನ್ಸ್‌ಟನ್ನಿನಲ್ಲಿಯೂ ಹಾರ್ವರ್ಡಿನಲ್ಲಿಯೂ ಓದಿದ ಮಿಶೆಲ್ ಒಬಾಮಾ ಅವರು ಇಲಿನಾಯ್ ಸಂಸ್ಥಾನದ ಬಾರ್ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣರಾದುದನ್ನು ೨೦೧೮ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಯಾರನ್ನು ಬೇಕಾದರೂ ವಕೀಲನನ್ನಾಗಿ ಮಾಡಬಹುದೆಂದು ಅರ್ಥವಲ್ಲ. ಎಷ್ಟು ನೆರವಿತ್ತರೂ ಈ ವೃತ್ತಿಗೆ ಹೊಂದದವರು ಕೆಲವರು ಇದ್ದೇ ಇರುತ್ತಾರೆ. ಅಂಥವರ ವಿಷಯದಲ್ಲಿ ಅಧ್ಯಾಪಕನ ಧರ್ಮವು ಕಠಿನವಾದುದು. ಸಿಹಿಮಾತುಗಳಿಂದ ಮೂರು ವರ್ಷಗಳ ಕಾಲ ಆಸೆಯನ್ನು ಬೆಳೆಸಿ, ಸಾಲವನ್ನು ಹೆಚ್ಚಿಸಿ, ಕೊನೆಗೆ ಬಾಗಿಲಿನಲ್ಲಿ ಕೈಬಿಡುವುದಕ್ಕಿಂತ ಮೊದಲ ವರ್ಷದಲ್ಲಿಯೇ ಸತ್ಯವನ್ನು ಮೃದುವಾಗಿ ಹೇಳುವುದು ಮೇಲು. ಆದರೆ ಆ ಸತ್ಯವನ್ನು ಹೇಳುವ ಅಧಿಕಾರವು ಬರುವುದು ಕಲಿಸುವುದಕ್ಕೆ ಸಾಧ್ಯವಾದುದನ್ನೆಲ್ಲ ಮಾಡಿ ನೋಡಿದವನಿಗೆ ಮಾತ್ರ. ಹದಮಾಡದೆ ಬಿತ್ತಿದವನಿಗೆ ನೆಲವನ್ನು ಬರಡೆಂದು ಹಳಿಯುವ ಹಕ್ಕಿಲ್ಲ.

ಮೂರನೆಯ ಆಕ್ಷೇಪಣೆಯು ಸಂಸ್ಥೆಯ ಸ್ವಾರ್ಥವನ್ನು ಕುರಿತದ್ದು. ಅಮೆರಿಕದ ವಕೀಲರ ಸಂಘವು ಲಾ ಕಾಲೇಜುಗಳ ಮಾನ್ಯತೆಗೆ ಸಂಬಂಧಿಸಿದ ನಿಯಮವನ್ನು ೨೦೧೯ರಲ್ಲಿ ಬಿಗಿಮಾಡಿತು. ಕಾಲೇಜಿನಿಂದ ಪದವಿಯನ್ನು ಪಡೆದು ಬಾರ್ ಪರೀಕ್ಷೆಗೆ ಕುಳಿತವರಲ್ಲಿ ನೂರಕ್ಕೆ ೭೫ ಮಂದಿಯಾದರೂ ಎರಡು ವರ್ಷಗಳೊಳಗೆ ಉತ್ತೀರ್ಣರಾಗಬೇಕೆಂಬುದೇ ಆ ನಿಯಮ. ವಿದ್ಯಾರ್ಥಿಗಳು ವ್ಯಾಸಂಗವನ್ನು ಮುಗಿಸಿ ವೃತ್ತಿಯನ್ನು ಸೇರುವುದಕ್ಕೆ ಬೇಕಾದ ನೆರವನ್ನು ಕಾಲೇಜು ಒದಗಿಸತಕ್ಕದ್ದೆಂಬ ನಿಯಮವೂ ಉಂಟು. ಶುಲ್ಕವನ್ನು ತೆಗೆದುಕೊಂಡು ಶಿಷ್ಯನ ಗತಿಯನ್ನು ವಿಚಾರಿಸದಿದ್ದ ಕಾಲೇಜುಗಳನ್ನು ಇದು ಎಚ್ಚರಿಸಿತು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಈ ಕತ್ತಿಗೆ ಎರಡು ಅಲಗುಗಳಿವೆ. ಪರೀಕ್ಷೆಗೆ ಕುಳಿತವರು ಮಾತ್ರ ಲೆಕ್ಕಕ್ಕೆ ಬರುವುದರಿಂದ, ಕುಳಿತುಕೊಳ್ಳದವನಿಂದ ಕಾಲೇಜಿಗೆ ಕಳಂಕವಿಲ್ಲ. ಆಗ ನೆರವಿನ ಅಧ್ಯಾಪಕರ ಮುಖ್ಯಸ್ಥನ ಮುಂದೆ ಒಂದು ಪ್ರಲೋಭನೆಯು ಬಂದು ನಿಲ್ಲುತ್ತದೆ. ತೇರ್ಗಡೆಯ ಅಂಚಿನಲ್ಲಿರುವ ಶಿಷ್ಯನನ್ನು ಕರೆದು, ಈ ಸಲ ಬೇಡ, ಮುಂದಿನ ಸಲ ಕುಳಿತುಕೋ ಎಂದು ಹೇಳಬಹುದು. ಆ ಶಿಷ್ಯನ ತಾಯಿಗೆ ಕಾಯಿಲೆಯಾಗಿ ಅವನಿಗೆ ಓದಲು ಕಾಲವೇ ಸಿಕ್ಕಿಲ್ಲವೆಂದಿದ್ದರೆ ಇದು ಹಿತೋಪದೇಶ. ಕಾಲೇಜಿನ ಸಂಖ್ಯೆಯು ಇಳಿಯುವುದೆಂಬ ಭಯದಿಂದ ಆಡಿದ್ದಾದರೆ ಇದೇ ಮಾತು ವಂಚನೆ. ಹೊರಗಿನವರಿಗೆ ಎರಡೂ ಒಂದೇ ರೀತಿಯಾಗಿ ಕೇಳಿಸುತ್ತವೆ. ಭೇದವನ್ನು ಬಲ್ಲುದು ಆಡಿದವನ ಅಂತಃಕರಣವೊಂದೇ.

ನನ್ನ ಮತದಲ್ಲಿ ಈ ಇಡೀ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ತೇರ್ಗಡೆ ಮಾಡಿಸುವುದು ಧರ್ಮವೋ ವ್ಯಾಪಾರವೋ ಎಂಬುದನ್ನು ಕಲಿಸುವ ವಸ್ತುವಿನಿಂದ ನಿರ್ಣಯಿಸಲಾಗದು. ಯಾರಿಗಾಗಿ ಕಲಿಸುತ್ತಾನೆಂಬುದರಿಂದ ನಿರ್ಣಯಿಸಬೇಕು. ಇದಕ್ಕೆ ಸುಲಭವಾದ ಒಂದು ಒರೆಗಲ್ಲನ್ನು ಸೂಚಿಸಬಹುದು. ಅಧ್ಯಾಪಕನು ಕಾಲೇಜಿನ ಅಧಿಕಾರಿಗಳ ಸಭೆಯಲ್ಲಿ ಒಬ್ಬ ಶಿಷ್ಯನನ್ನು ಕುರಿತು ಆಡಿದ ಮಾತನ್ನು, ಕೊಟ್ಟ ಕಾರಣದೊಡನೆ, ಆ ಶಿಷ್ಯನ ಮುಂದೆಯೂ ಅಕ್ಷರಶಃ ಆಡಬಲ್ಲನಾದರೆ ಅವನು ಧರ್ಮದಲ್ಲಿದ್ದಾನೆ. ಸಭೆಯಲ್ಲಿ ಒಂದು ಕಾರಣವನ್ನೂ ಶಿಷ್ಯನಿಗೆ ಇನ್ನೊಂದು ಕಾರಣವನ್ನೂ ಹೇಳಬೇಕಾಗಿ ಬಂದರೆ, ಅವನು ಆ ಹೊತ್ತಿಗೆ ಗುರುಪೀಠದಿಂದ ಕೆಳಗಿಳಿದನೆಂದು ತಿಳಿಯತಕ್ಕದ್ದು. ಸಂಸ್ಥೆಗೂ ಶಿಷ್ಯನಿಗೂ ಹಿತವು ಒಂದೇ ಆಗಿರುವ ದಿನಗಳೇ ಹೆಚ್ಚು. ಅವು ಬೇರೆಯಾಗುವ ಅಪೂರ್ವವಾದ ದಿನದಲ್ಲಿಯೇ ಅಧ್ಯಾಪಕನ ಪರೀಕ್ಷೆ.

ಈ ವಿಚಾರವು ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. ಭಾರತೀಯ ವಕೀಲರ ಪರಿಷತ್ತು ೨೦೧೦ರಲ್ಲಿ ಗೊತ್ತುಮಾಡಿದ ಅಖಿಲ ಭಾರತ ಬಾರ್ ಪರೀಕ್ಷೆಯು ಮೊದಲ ಬಾರಿಗೆ ೨೦೧೧ರ ಮಾರ್ಚ್ ತಿಂಗಳಲ್ಲಿ ನಡೆಯಿತು. ಇಂತಹ ಪರೀಕ್ಷೆಯನ್ನು ವಿಧಿಸುವ ಅಧಿಕಾರವು ಪರಿಷತ್ತಿಗೆ ಉಂಟೆಂದು ೨೦೨೩ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತೀರ್ಪಿತ್ತಿತು. ಅದರಲ್ಲಿ ನೂರು ಆಯ್ಕೆಯ ಪ್ರಶ್ನೆಗಳು, ಟಿಪ್ಪಣಿಗಳಿಲ್ಲದ ಮೂಲ ಕಾಯಿದೆ ಪುಸ್ತಕಗಳನ್ನು ಒಯ್ಯುವುದಕ್ಕೆ ಅವಕಾಶವುಂಟು, ಕನ್ನಡದಲ್ಲಿಯೂ ಉತ್ತರಿಸಬಹುದು. ಅಮೆರಿಕದ ಪರೀಕ್ಷೆಯಷ್ಟು ಕಠಿನವಲ್ಲದಿದ್ದರೂ, ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನ ಕಾಯಿದೆಯ ವಾಕ್ಯಗಳ ನಡುವೆ ದಾರಿತಪ್ಪುವ ತಾಲ್ಲೂಕಿನ ಹುಡುಗನಿಗೂ ಹುಡುಗಿಗೂ ಅದೂ ಒಂದು ಬೆಟ್ಟವೇ. ಹಿಂದುಳಿದ ಮನೆತನಗಳ ಮಕ್ಕಳನ್ನು ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸಿದ್ಧಪಡಿಸಿ ಕಳುಹಿಸುವ ಉದ್ದೇಶದಿಂದ ಶಮ್ನಾದ್ ಬಷೀರ್ ಎಂಬ ವಿದ್ವಾಂಸರು ೨೦೧೦ರಲ್ಲಿ ಒಂದು ಸಂಸ್ಥೆಯನ್ನು ಆರಂಭಿಸಿದುದು, ನಮ್ಮ ದೇಶದಲ್ಲಿಯೂ ಈ ಕೆಲಸವನ್ನು ದಾನವೆಂದು ಭಾವಿಸಿ ಮಾಡುವವರುಂಟೆಂಬುದಕ್ಕೆ ಸಾಕ್ಷಿ.

ಆರು ತಿಂಗಳ ಪಣವನ್ನು ತೊಟ್ಟ ವಿಷ್ಣುಶರ್ಮನು, ರಾಜನು ಕೊಡಲು ಬಂದ ಭೂಮಿಕಾಣಿಗಳನ್ನು ಬೇಡವೆಂದನಂತೆ. ಸಂಬಳವನ್ನು ನಂಬಿ ಬಾಳುವ ಇಂದಿನ ಅಧ್ಯಾಪಕನಿಂದ ಅಂಥ ವೈರಾಗ್ಯವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಅವನು ಸಂಬಳವನ್ನು ತೆಗೆದುಕೊಳ್ಳಲಿ. ಶಿಷ್ಯನನ್ನು ಮಾತ್ರ ಸಂಖ್ಯೆಯೆಂದು ಎಣಿಸದಿರಲಿ. ಹಾಗೆ ಎಣಿಸದೆ, ಸೋತವನ ಉತ್ತರಪತ್ರವನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಅವನೊಡನೆ ಕುಳಿತು ಓದುವ ಅಧ್ಯಾಪಕನಿಗೆ ಗುರುವೆಂಬ ಹೆಸರನ್ನು ಕೊಡಲು ನಾವು ಹಿಂದೆಗೆಯಬೇಕಾದುದಿಲ್ಲ. ಮಕ್ಕಳನ್ನು ಇಂತಹ ಪಾಠಗಳಿಗೆ ಕಳುಹಿಸುವ ವಾಚಕರು ಇನ್ನು ಮುಂದೆ, ಇಲ್ಲಿ ಎಷ್ಟು ಮಂದಿ ತೇರ್ಗಡೆಯಾದರು ಎಂದು ಕೇಳುವುದರ ಜೊತೆಗೆ, ಆಗದವರಿಗೆ ನೀವು ಏನು ಮಾಡಿದಿರಿ ಎಂಬ ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು.